ಪೆಟ್ರೋಲ್ ಟ್ಯಾಂಕಿನ ಮುಚ್ಚಳ

ಭಾನುವಾರ, ಫೆಬ್ರವರಿ 16

ಪ್ರೀತಿಯ ಅಕ್ಕಾ,

ನಮಸ್ಕಾರ. ನಿನ್ನ ಕಾಗದ ಬಂದು ಏಳು ವಾರವಾಯಿತು. ಮೊದಲ ವಾರ ಕೆಲಸದ ನೆಪ, ಎರಡನೆಯ ವಾರ ಪೆನ್ನು ಸಿಗಲಿಲ್ಲ ಅನ್ನುವ ನೆಪ, ಆಮೇಲೆ ನೆಪಗಳೂ ಮುಗಿದು ನಾಚಿಕೆಯೊಂದೇ ಉಳಿಯಿತು. ಬೈಯುವುದಿದ್ದರೆ ಈಗಲೇ ಬೈದುಬಿಡು, ಆಮೇಲೆ ಮುಂದಕ್ಕೆ ಓದು. ಮಂಡಿನೋವು ಹೇಗಿದೆ? ಹೊಲಿಗೆ ಅಂಗಡಿಗೂ ಬಸ್‌ಸ್ಟಾಪಿಗೂ ನಡುವೆ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಕುಂಟಿಕೊಂಡು ನಡೆಯುತ್ತೇನೆ ಅಂತ ನೀನು ಬರೆದಿದ್ದೆ. ಊರಿಗೆಲ್ಲ ವ್ಯಾನಿನಲ್ಲಿ ನಮ್ಮ ಲಾಂಡ್ರಿಯ ಬಟ್ಟೆ ಹಂಚಿದವಳು ಈಗ ಬಸ್ಸಿಗೆ ಕಾಯುತ್ತಾ ನಿಲ್ಲಬೇಕಾಯಿತಲ್ಲ.

ಇಲ್ಲಿ ಎಲ್ಲರೂ ಆರಾಮ. ಲಾಂಡ್ರಿ ನಡೆಯುತ್ತಿದೆ. ಎರಡು ಲಾಡ್ಜುಗಳ ಬೆಡ್‌ಶೀಟು, ಒಂದು ನರ್ಸಿಂಗ್ ಹೋಮಿನ ಕರ್ಟನ್ನು, ಮಿಕ್ಕಂತೆ ಬಿಡಿ ಬಟ್ಟೆ. ಹೊಸ ಮೆಷಿನ್ನೊಂದು ತರುವುದೆಂದಾಯಿತು, ಇಡಲು ಜಾಗವಿಲ್ಲ. ಅಲ್ಲಿಂದ ಶುರುವಾಯಿತು ನೋಡು. ನಮ್ಮವಳು ಸೊಂಟಕ್ಕೆ ಕೈಯಿಟ್ಟು ಶೆಡ್ಡಿನ ಮುಂದೆ ನಿಂತು, "ಒಂಬತ್ತು ವರ್ಷ ಆಯ್ತು ರೀ, ನಿಮ್ಮಕ್ಕನ ವ್ಯಾನು ಇಲ್ಲಿ ಮಲಗಿ. ಒಂದೋ ಅದು ಓಡ್ಬೇಕು, ಇಲ್ಲ ಗುಜರಿಗೆ ಹೋಗ್ಬೇಕು," ಅಂದಳು. ಅವಳು ಸೊಂಟಕ್ಕೆ ಕೈಯಿಟ್ಟರೆ ಅಲ್ಲಿಗೆ ತೀರ್ಮಾನವಾದ ಹಾಗೆಯೇ, ನಿನಗೆ ಗೊತ್ತು.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ "ಅಲ್ಲಿ ಸೆಕೆಯಾ, ಇಲ್ಲೂ ಸೆಕೆ" ಅಂದು ಇಟ್ಟುಬಿಡುತ್ತೇವೆ. ಅಮ್ಮ ಹೋದ ದಿನದಿಂದ ವ್ಯಾನಿನ ಮಾತು ನಮ್ಮ ನಡುವೆ ಬಂದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಟಾರ್ಪಾಲು ಎಳೆದಾಗ ಎದ್ದ ಧೂಳಿಗೆ ಇಬ್ಬರೂ ಕಾಲು ಗಂಟೆ ಸೀನಿದೆವು. ಬಾನೆಟ್ ಎತ್ತಿದರೆ ಒಳಗೆ ಇಲಿಯ ಸಂಸಾರ! ದಿಂಬಿನ ಕವರನ್ನು ಚೂರುಚೂರು ಮಾಡಿ ಹಾಸಿಗೆ ಹಾಸಿಕೊಂಡಿದ್ದವು. ಮೂರು ವೈರು ಕಡಿದಿದ್ದವು, ಸುತ್ತಿ ಸರಿಮಾಡಿದೆ. ನನ್ನ ಆತುರ ನಿನಗೆ ಗೊತ್ತಲ್ಲ, ಬೇರೆ ದಿನವಾಗಿದ್ದರೆ ಅಲ್ಲೇ ಬ್ಯಾಟರಿ ಸಿಕ್ಕಿಸಿ ಕೀ ತಿರುಗಿಸುತ್ತಿದ್ದೆ. ಈ ಸಲ ಬುದ್ಧಿ ಬಂದಿತ್ತು. ಅಷ್ಟು ವರ್ಷ ನಿಂತ ಇಂಜಿನ್ನಿನ ಒಳಗೆ ತುಕ್ಕು ಕಚ್ಚಿಕೊಂಡಿದ್ದರೆ ಬಲವಂತಕ್ಕೆ ಮುರಿದೇ ಹೋಗುತ್ತದೆ. ನಾಲ್ಕೂ ಪ್ಲಗ್ ಬಿಚ್ಚಿ, ಆ ತೂತುಗಳಲ್ಲಿ ಒಂದೊಂದು ಚಮಚ ಆಯಿಲ್ ಬಿಟ್ಟು, ಒಂದು ದಿನ ಸುಮ್ಮನೆ ಬಿಟ್ಟೆ. ಮರುದಿನ ದೊಡ್ಡ ಸ್ಪಾನರ್ ಹಾಕಿ ಕೈಯಲ್ಲೇ ತಿರುಗಿಸಿದರೆ ಮೊದಲು ಮೊಂಡು ಹಿಡಿದು, ಆಮೇಲೆ ನಿಧಾನಕ್ಕೆ ತಿರುಗಿತು. ಅಷ್ಟು ಖುಷಿ ನನಗೆ ಮದುವೆಯ ದಿನವೂ ಆಗಿರಲಿಲ್ಲ. ಇದನ್ನು ನಮ್ಮವಳಿಗೂ ಹೇಳಿದೆ, ಮಧ್ಯಾಹ್ನದ ಊಟ ತಡವಾಯಿತು.

ಹೊಸ ಬ್ಯಾಟರಿ ಹಾಕಿದೆ. ಕೀ ತಿರುಗಿಸಲು ಅವಳನ್ನೇ ನಿನ್ನ ಸೀಟಿನಲ್ಲಿ ಕೂರಿಸಿದೆ. ಟಕ್ ಅಂದಿತು, ಅಷ್ಟೇ. ಮತ್ತೆ ಟಕ್. ಬ್ಯಾಟರಿ ಹೊಸದು, ದೀಪ ಉರಿಯುತ್ತಿದೆ, ಆದರೂ ಟಕ್. ಬ್ಯಾಟರಿಯ ವೈರು ವ್ಯಾನಿನ ಕಬ್ಬಿಣದ ಮೈಗೆ ಸೇರುವ ಕಡೆ ತುಕ್ಕಿನ ಪದರ ಕೂತಿತ್ತು. ಉಪ್ಪುಕಾಗದದಲ್ಲಿ ಉಜ್ಜಿ ಬೋಲ್ಟು ಬಿಗಿದ ಮೇಲೆ ಇಂಜಿನ್ ಗರಗರ ತಿರುಗಿತು, ಹತ್ತಿಕೊಳ್ಳಲಿಲ್ಲ. ಹಾಗಾದರೆ ಕಿಡಿ ಬರುತ್ತಿದೆಯಾ? ಒಂದು ಪ್ಲಗ್ಗನ್ನು ಕಬ್ಬಿಣಕ್ಕೆ ತಾಗಿಸಿ ಹಿಡಿದು ನೋಡಿದರೆ ಕಿಡಿಯೇ ಇಲ್ಲ. ಕಿಡಿ ಹುಟ್ಟಿಸುವ ಪಾಯಿಂಟುಗಳು ಹಸಿರು ಹಿಡಿದಿದ್ದವು, ಅವನ್ನೂ ಉಜ್ಜಿದೆ. ಚಟ್ ಅಂತ ನೀಲಿ ಕಿಡಿ ಹಾರಿತು, ಜೊತೆಗೆ ನನ್ನ ಕೈಗೂ ಒಂದು ಏಟು ಕೊಟ್ಟಿತು. "ಬೇಕಿತ್ತಾ ನಿಮಗೆ?" ಅಂತ ಒಳಗಿಂದ ದನಿ ಬಂತು.

ಉಳಿದದ್ದು ಪೆಟ್ರೋಲು. ಟ್ಯಾಂಕಿನಲ್ಲಿದ್ದ ಹಳೇ ಪೆಟ್ರೋಲು ಬಣ್ಣದ ಡಬ್ಬದ ಹಾಗೆ ನಾರುತ್ತಿತ್ತು. ಅದನ್ನು ಸುರಿದು, ಟ್ಯಾಂಕು ತೊಳೆದು, ಕಾರ್ಬ್ಯುರೇಟರ್ ಬಿಚ್ಚಿ, ಅಂಟು ಕಟ್ಟಿದ ಸಣ್ಣ ತೂತನ್ನು ತೆಳು ತಂತಿಯಲ್ಲಿ ಬಿಡಿಸಿದೆ. ನಾಲ್ಕನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ, ಅಕ್ಕಾ, ವ್ಯಾನು ಒಂದು ಸಲ ಕೆಮ್ಮಿ, ಕಪ್ಪು ಹೊಗೆ ಕಾರಿ, ಸ್ಟಾರ್ಟ್ ಆಗಿಯೇ ಬಿಟ್ಟಿತು! ಅದೇ ಸದ್ದು. ನೀನು ಬೆಳಿಗ್ಗೆ ಹೊರಡುವಾಗ ಅಮ್ಮ ಅಡುಗೆಮನೆಯಿಂದಲೇ "ಹುಷಾರು ಕಣೇ" ಅನ್ನುತ್ತಿದ್ದಳಲ್ಲ, ಆ ಸದ್ದಿಗೆ. ನಾನು ಒರೆಸುವ ಬಟ್ಟೆ ಹುಡುಕುವ ನೆಪದಲ್ಲಿ ಶೆಡ್ಡಿನ ಹಿಂದೆ ಹೋಗಿ ಅತ್ತುಬಂದೆ.

ಕಾಗದ ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿರುತ್ತಿತ್ತು. ಆದರೆ ಮುಂದಿನದನ್ನು ಹೇಳುವುದಕ್ಕೇ ಕೂತದ್ದು.

ಮಧ್ಯಾಹ್ನ ನಮ್ಮವಳನ್ನು ಕೂರಿಸಿಕೊಂಡು ದೊಡ್ಡ ರಸ್ತೆಗೆ ಹೊರಟೆ. ನಾನು ಓಡಿಸಿದರೆ ಗೇರು ಅಳುತ್ತದೆ ಅಂತ ಅಮ್ಮ ಹೇಳುತ್ತಿದ್ದಳು, ಈಗಲೂ ಅಳುತ್ತದೆ. ಏಳೆಂಟು ಕಿಲೋಮೀಟರು ಸಲೀಸಾಗಿ ಹೋಯಿತು. ಆಮೇಲೆ ಒಂದು ಜಗ್ಗು. ಇನ್ನೊಂದು ಜಗ್ಗು. ಎರಡು ಸಲ ಕೆಮ್ಮಿ, ರಸ್ತೆ ಬದಿಗೆ ಬಂದು ನಿಂತಿತು. ಅಮ್ಮನಿಗೆ ಎದೆನೋವು ಬಂದ ದಿನ, ನೀನು ಅವಳನ್ನು ಆಸ್ಪತ್ರೆಗೆ ಕರೆದೊಯ್ಯುವಾಗ, ವ್ಯಾನು ನಿಂತದ್ದು ಥೇಟ್ ಹೀಗೆಯೇ.

ನಾನು ಏನು ಮಾಡಿದೆ ಹೇಳು? ಕೈ ತಾನಾಗಿ ಹೋಗಿ, ಇಂಜಿನ್ನಿಗೆ ಹೆಚ್ಚು ಪೆಟ್ರೋಲು ಬಿಡುವ ಚೋಕ್ ಎಳೆಯಿತು. ಎಳೆದು ಎಳೆದು ಕೀ ತಿರುಗಿಸಿದೆ. ನಮ್ಮವಳು ನನ್ನ ಕೈಯನ್ನೇ ನೋಡುತ್ತಿದ್ದವಳು, "ಅತ್ತಿಗೆ ಚೋಕ್ ಎಳೆದಿದ್ದಕ್ಕೆ ಅಲ್ವಾ ನೀವು ಅವತ್ತು ಅಷ್ಟು ಕೂಗಾಡಿದ್ದು?" ಅಂದಳು. ಮೆಲ್ಲಗೇ ಅಂದಳು. ನಾನು ಚೋಕ್ ಬಿಟ್ಟು ಕೈ ಹಿಂದಕ್ಕೆ ತೆಗೆದೆ.

ಅವತ್ತು ನಾನು ಅಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತಿದ್ದೆ. "ಚೋಕ್ ಎಳೆದೂ ಎಳೆದೂ ಇಂಜಿನ್ನಿಗೆ ಪೆಟ್ರೋಲ್ ಕುಡಿಸಿಬಿಟ್ಟೆ, ಇನ್ನು ಅದು ಹತ್ತಲ್ಲ, ನಿನಗೆ ಎಷ್ಟು ಸಲ ಹೇಳೋದು," ಅಂತ ಕಿರುಚಿದೆ. ರಸ್ತೆಯಲ್ಲಿ ನಿಂತವರೆಲ್ಲ ಕೇಳಿಸಿಕೊಂಡರು, ಅಮ್ಮನೂ ಕೇಳಿಸಿಕೊಂಡಳು. ನೀನು ಕೆಳಗಿಳಿದು, ಪೆಟ್ರೋಲ್ ಇದೆಯೋ ಇಲ್ಲವೋ ಎಂದು ಟ್ಯಾಂಕಿನ ಮುಚ್ಚಳ ತೆಗೆದೆ. ವಾಪಸು ಬಂದು ಹೇಳಿದೆ, ಅಕ್ಷರ ಅಕ್ಷರವೂ ನೆನಪಿದೆ ನನಗೆ: "ಮುಚ್ಚಳ ತೆಗೆದ್ರೆ ಉಸ್ಸ್ ಅಂತು ಕಣೋ ಪುಟ್ಟ. ಯಾಕೆ ಹಾಗೆ?" ನಾನು ನಿನ್ನ ಬಾಯಿ ಮುಚ್ಚಿಸಿದೆ. ಅದಾಗಿ ಎರಡೇ ಸಲಕ್ಕೆ ವ್ಯಾನು ಹತ್ತಿತು. ಸ್ವಲ್ಪ ಹೊತ್ತು ಬಿಟ್ಟದ್ದಕ್ಕೆ ಹೆಚ್ಚಾದ ಪೆಟ್ರೋಲ್ ಆರಿ ಹತ್ತಿತು, ನಾನು ಹೇಳಿದ್ದೇ ಸರಿ, ಅಂತ ಮನಸ್ಸಿನಲ್ಲೇ ತೀರ್ಪು ಕೊಟ್ಟುಕೊಂಡೆ. ಅಷ್ಟರಲ್ಲಿ ಇಪ್ಪತ್ತು ನಿಮಿಷ ಹೋಗಿತ್ತು.

ಮೊನ್ನೆ ರಸ್ತೆಯಲ್ಲಿ ಆ ಉಸ್ಸ್ ನೆನಪಾಯಿತು. ಇಳಿದು ಹೋಗಿ ಮುಚ್ಚಳ ತಿರುಗಿಸಿದೆ. ಉಸ್ಸ್.

ನಾಲ್ಕು ದಿನದಿಂದ ಆ ಮುಚ್ಚಳ ನನ್ನ ಕೈಯಲ್ಲೇ ಓಡಾಡಿತ್ತು. ಹೊರಮೈ ಒರೆಸಿ ಹೊಳೆಯುವ ಹಾಗೆ ಮಾಡಿದ್ದೆ, ಒಳಗೆ ಕಣ್ಣು ಹಾಕಿರಲಿಲ್ಲ. ಈಗ ಬೋರಲು ಮಾಡಿ ಕೊಳೆ ಕೆರೆದರೆ, ಗಾಳಿ ಹೋಗುವ ಸಣ್ಣ ತೂತಿನ ಮೇಲೆ ಬೂದು ಬಣ್ಣದ ಗಟ್ಟಿ ಅಂಟು. ಪೈಪು ಸೋರಿದರೆ ಮೆತ್ತುತ್ತೇವಲ್ಲ, ಅದು. ಅದರ ಮೇಲೆ ಹೆಬ್ಬೆರಳಿನ ಗುರುತು. ನನ್ನದೇ. ಇಸ್ತ್ರಿಪೆಟ್ಟಿಗೆ ಸುಟ್ಟ ಗೆರೆ ಅಡ್ಡಕ್ಕೆ ಇದೆಯಲ್ಲ, ಆ ಗೆರೆಯೂ ಅಚ್ಚಾಗಿದೆ.

ನಿನಗೆ ಗೊತ್ತಿರಲಿಲ್ಲ, ಅಕ್ಕಾ. ಅಮ್ಮ ಹೋಗುವುದಕ್ಕೆ ಐದಾರು ದಿನ ಮೊದಲು ಲಾಡ್ಜಿನ ಮ್ಯಾನೇಜರು ಬೆಡ್‌ಶೀಟೆಲ್ಲ ಪೆಟ್ರೋಲ್ ವಾಸನೆ ಅಂತ ವಾಪಸು ಕಳಿಸಿದ್ದ. ನಾನು ಮಹಾ ಬುದ್ಧಿವಂತ, ವಾಸನೆ ಬರುವ ತೂತು ಹುಡುಕಿ ಮುಚ್ಚಿದೆ. ವಾಸನೆ ನಿಂತಿತು. ಮ್ಯಾನೇಜರ ಹತ್ತಿರ ಜಂಬ ಕೊಚ್ಚಿಕೊಂಡು ಬಂದೆ. ಪೆಟ್ರೋಲು ಖಾಲಿಯಾದಷ್ಟೂ ಆ ಜಾಗಕ್ಕೆ ಗಾಳಿ ಹೋಗಬೇಕು. ಹೋಗದಿದ್ದರೆ ಪೆಟ್ರೋಲು ಇಂಜಿನ್ನಿಗೆ ಇಳಿಯುವುದೇ ಇಲ್ಲ. ಊರೊಳಗಿನ ಸಣ್ಣ ಓಡಾಟಕ್ಕೆ ಗೊತ್ತಾಗಲಿಲ್ಲ, ದೂರದ ದಾರಿಗೆ ಕೈಕೊಟ್ಟಿತು. ನೀನು ಚೋಕ್ ಎಳೆದದ್ದು ತಪ್ಪಲ್ಲ. ಪೆಟ್ರೋಲು ಸಾಲದೆ ನಿಂತ ಗಾಡಿಗೆ ಯಾರಾದರೂ ಅದನ್ನೇ ಮಾಡುತ್ತಾರೆ. ನೀನು ಮುಚ್ಚಳ ತೆಗೆದಾಗ ಉಸ್ಸ್ ಅಂತ ಗಾಳಿ ಒಳಗೆ ನುಗ್ಗಿದ್ದರಿಂದಲೇ ಅದು ಹತ್ತಿತು. ರೋಗ ಕಂಡುಹಿಡಿದವಳು ನೀನು, ರೋಗ ತಂದವನು ನಾನು, ಬೈಗುಳ ಮಾತ್ರ ನಿನಗೆ.

ಆಸ್ಪತ್ರೆಯಲ್ಲಿ ಅಮ್ಮ ಹೋದ ಮೇಲೆ, ಇಪ್ಪತ್ತು ನಿಮಿಷ ಮುಂಚೆ ಬಂದಿದ್ದರೆ ಉಳಿಯುತ್ತಿದ್ದರು ಅಂತ ಡಾಕ್ಟರು ಹೇಳಿದರು ಎಂದು ನಿನ್ನ ಮುಂದೆ ನಿಂತು ಹೇಳಿದೆ. ನೀನು ಅಲ್ಲೇ ಗೋಡೆಗೆ ಒರಗಿದೆ. ವ್ಯಾನನ್ನು ನಿನ್ನ ಕೈಗೆ ಕೊಡದೆ ಎಳೆಸಿಕೊಂಡು ಬಂದು ಶೆಡ್ಡಿಗೆ ನೂಕಿದೆ. ಮೂರು ವಾರದ ಮೇಲೆ ನೀನು ಕೀಯನ್ನು ಇಸ್ತ್ರಿ ಮೇಜಿನ ಮೇಲಿಟ್ಟು ಹೊರಟೆ. ಆಮೇಲೆ ನೀನು ಯಾವ ಗಾಡಿಯ ಸ್ಟೇರಿಂಗನ್ನೂ ಮುಟ್ಟಿಲ್ಲ. ತಪ್ಪಾಯಿತು, ಅಕ್ಕಾ. ಬಾಯಿಮಾತಿಗಲ್ಲ. ಜಗತ್ತಿನ ಗಾಡಿಗಳನ್ನೆಲ್ಲ ಸರಿಮಾಡುತ್ತೇನೆ ಅನ್ನುವ ಈ ಕೈಯನ್ನು ಕಂಡರೆ ನನಗೇ ಅಸಹ್ಯವಾಗುತ್ತಿದೆ.

ಹೊಸ ಮುಚ್ಚಳ ತಂದು ಹಾಕಿದ್ದೇನೆ. ಅಷ್ಟೇ ದೂರ ಹೋಗಿ ಬಂದೆ, ಎಲ್ಲೂ ನಿಲ್ಲಲಿಲ್ಲ. ಹಳೆಯದನ್ನು ಈ ಕಾಗದದ ಜೊತೆ ಪೊಟ್ಟಣ ಕಟ್ಟಿ ಕಳಿಸುತ್ತಿದ್ದೇನೆ. ಇಟ್ಟುಕೋ, ಎಸಿ, ತಂದು ನನ್ನ ತಲೆಗೆ ಹೊಡಿ, ನಿನ್ನಿಷ್ಟ. ನಮ್ಮವಳಿಗೆ ನಾಲ್ಕು ದಿನ ನಿನ್ನ ಸೀಟಿನಲ್ಲಿ ಕೂತು ಹುಚ್ಚು ಹಿಡಿದಿದೆ, ಓಡಿಸಲು ಕಲಿಯುತ್ತಾಳಂತೆ. ನಾನು ಕಲಿಸುತ್ತೇನೆ ಅಂದರೆ, "ನಿಮ್ಮತ್ರ ಬೇಡಪ್ಪ, ನೀವು ಬೈತೀರಿ. ಅತ್ತಿಗೆ ಬಂದ್ರೆ ಅವರ ಹತ್ರ ಕಲೀತೀನಿ," ಅಂದಳು. ಕೀ ಇಸ್ತ್ರಿ ಮೇಜಿನ ಮೇಲೆ ನೀನಿಟ್ಟ ಜಾಗದಲ್ಲೇ ಇಟ್ಟಿದ್ದೇನೆ. ವ್ಯಾನು ಗುಜರಿಗೆ ಹೋಗುವುದಿಲ್ಲ. ಮೆಷಿನ್ನು ಬೇಕಾದರೆ ಅಂಗಳದಲ್ಲಿರಲಿ.

ಮಂಡಿಗೆ ಬಿಸಿನೀರಿನ ಶಾಖ ಕೊಡು. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಆಶೀರ್ವಾದ ಕೇಳುವ ಮುಖ ನನಗಿಲ್ಲ, ಆದರೂ ಕೇಳುತ್ತೇನೆ, ಬೇರೆ ಯಾರನ್ನು ಕೇಳಲಿ? ಎಲ್ಲಿದ್ದರೂ ನೀನು ನೆಮ್ಮದಿಯಾಗಿರಬೇಕು.

ನಿನ್ನ ತಮ್ಮ,
ಪುಟ್ಟ
(ಐವತ್ತೆರಡು ತುಂಬಿತು, ಬುದ್ಧಿ ಮಾತ್ರ ಮೊನ್ನೆ ಬಂತು)

ಮರೆತು ಬಿಟ್ಟದ್ದಲ್ಲ, ಧೈರ್ಯ ಸಾಲದೆ ಬಿಟ್ಟದ್ದು: ಮುಚ್ಚಳದ ವಿಷಯ ತಿಳಿದ ದಿನ ಅಮ್ಮನನ್ನು ಕೊಂದವನು ನಾನೇ ಅಂತ ರಸ್ತೆ ಬದಿಯಲ್ಲಿ ಕುಸಿದು ಕೂತೆ. ಒಂದೇ ನಿಮಿಷ. ಅಷ್ಟರಲ್ಲಿ ಡಾಕ್ಟರಮ್ಮ ಅವತ್ತು ನಿಜವಾಗಿ ಹೇಳಿದ್ದು ನೆನಪಾಗಿ ಉಸಿರು ಬಂತು. ಅವರು ಹೇಳಿದ್ದು ಇದು: "ನೀವು ಎರಡು ಗಂಟೆ ಮುಂಚೆ ಬಂದಿದ್ರೂ ನಮ್ಮ ಕೈಲಿ ಏನೂ ಆಗ್ತಿರ್ಲಿಲ್ಲ. ಹೊರಗೆ ನಿಂತಿದ್ದಾರಲ್ಲ ನಿಮ್ಮಕ್ಕ, ಅವರಿಗೂ ಹೇಳಿ. ತುಂಬಾ ನೊಂದ್ಕೊಂಡಿದಾರೆ." ಹೇಳುವುದಕ್ಕೆಂದೇ ಹೊರಗೆ ಬಂದೆ. ನಿನ್ನ ಮುಖ ಕಂಡದ್ದೇ ಸಿಟ್ಟು ಬಂತು, ಬೇರೆ ಹೇಳಿದೆ. ನನಗೆ ಬೇಕಾದಾಗ ಒಂದು ನಿಮಿಷಕ್ಕೆ ನೆನಪಾದ ಮಾತನ್ನು ನಿನಗೆ ಒಂಬತ್ತು ವರ್ಷ ಕೊಡಲಿಲ್ಲ. ಆ ಇಪ್ಪತ್ತು ನಿಮಿಷದ ಮಾತು ಡಾಕ್ಟರದ್ದಲ್ಲ ಅಕ್ಕಾ, ನನ್ನದು.