ಅಕ್ಕನ ಮಗನ ನಾಮಪತ್ರಕ್ಕೆ ನನ್ನ ಸಹಿ

ಹದಿನಾಲ್ಕನೇ ತಾರೀಖು, ಗುರುವಾರ. ರಾತ್ರಿ ಒಂಬತ್ತೂವರೆ.

ಸಂಜೆ ಅಕ್ಕ ಮಗನನ್ನು ಕರೆದುಕೊಂಡು ಬಂದಿದ್ದಳು. ಅವನು ದೇಶದ ಅಧ್ಯಕ್ಷ ಸ್ಥಾನಕ್ಕೆ ನಿಲ್ಲುತ್ತಾನಂತೆ. ನಿಲ್ಲುವವರು ಈ ದೇಶದಲ್ಲೇ ಹುಟ್ಟಿರಬೇಕು, ಮೂವತ್ತೈದು ತುಂಬಿರಬೇಕು. ಆಸ್ಪತ್ರೆಯ ಹಳೇ ದಾಖಲೆಗಳು ಸುಟ್ಟುಹೋಗಿರುವುದರಿಂದ ಅವನು ಇಲ್ಲೇ ಹುಟ್ಟಿದ ಅಂತ ಹೆರಿಗೆ ಮಾಡಿಸಿದ ನರ್ಸ್ ಬರೆದುಕೊಡಬೇಕಂತೆ. ಆ ನರ್ಸ್ ನಾನೇ.

"ಚಿಕ್ಕಮ್ಮ, ನೀವು ಸಹಿ ಹಾಕದಿದ್ರೆ ನಾನು ಹುಟ್ಟೇ ಇಲ್ಲ," ಅಂತ ನಕ್ಕ.

"ನೀನು ಅತ್ತಿದ್ದು ಇಡೀ ವಾರ್ಡಿಗೆ ಕೇಳಿಸಿತ್ತು ಕಣೋ. ಆಗ್ಲೇ ಭಾಷಣ ಶುರು," ಅಂದಳು ಅಕ್ಕ.

ಕನ್ನಡಕ ಸಿಗುತ್ತಿಲ್ಲ, ಕಾಗದ ಇಟ್ಟು ಹೋಗಿ ಅಂದೆ. ಕನ್ನಡಕ ದಿಂಬಿನ ಕೆಳಗಿತ್ತು, ನನಗೆ ಗೊತ್ತಿತ್ತು.

ಅವನನ್ನು ಮೊದಲು ಎತ್ತಿಕೊಂಡಾಗ ನಾನೂ ತುಂಬು ಬಸುರಿ. ಹನ್ನೊಂದು ದಿನಕ್ಕೆ ನನ್ನ ಮಗ ಹುಟ್ಟಿದ. ಇವತ್ತಿಗೆ ಅವನಿಗೂ ಮೂವತ್ತೈದು ತುಂಬಬೇಕಿತ್ತು. ಹೋದ ವರ್ಷ ಲೈನ್ ರಿಪೇರಿಗೆ ಅಂತ ಕರೆಂಟ್ ಕಂಬ ಹತ್ತಿದವನು ಜೀವಂತ ಇಳಿಯಲಿಲ್ಲ. ಅಕ್ಕನಿಗೆ ಇವತ್ತು ಯಾವ ದಿನ ಅನ್ನುವುದೇ ನೆನಪಾಗಲಿಲ್ಲ. ಮಾತಾಡುತ್ತಾ ಮಗನ ಕಾಲರ್ ಸರಿಮಾಡಿದಳು. ನನ್ನ ಹೊಟ್ಟೆಗೆ ಬೆಂಕಿ ಬಿದ್ದ ಹಾಗಾಯಿತು. ಅವನು ಅಧ್ಯಕ್ಷನೇ ಆಗಿಬಿಟ್ಟರೂ ಇಷ್ಟು ಉರಿಯಲಾರದೇನೋ.

ಸಹಿ ಹಾಕದೇ ಇದ್ದರೆ ಏನಾಗುತ್ತದೆ ಎಂದು ಒಂದು ಗಂಟೆ ಕೂತು ಯೋಚಿಸಿದೆ. ಆಮೇಲೆ ನಾಚಿಕೆಯಾಯಿತು. ಈಗ ಹಾಕಿದ್ದೇನೆ. ಅವನು ಹುಟ್ಟಿದ್ದು ನಿಜ, ನಾನು ನೋಡಿದ್ದೂ ನಿಜ. ಗೆಲ್ಲಲಿ ಅನ್ನಲು ಮಾತ್ರ ಬಾಯಿ ಬರುತ್ತಿಲ್ಲ.

ನಾಳೆ ಹತ್ತು ಗಂಟೆಗೆ ಕಾಗದ ತೆಗೆದುಕೊಂಡು ಹೋಗಲು ಅಕ್ಕ ಬರುತ್ತಾಳೆ.