ಗಿಡದಲ್ಲೇ ಹಣ್ಣಾದದ್ದು

ಸೆಪ್ಟೆಂಬರ್ 26, ಬೆಳಿಗ್ಗೆ 7

ಟೊಮೆಟೊ ಗಿಡಗಳ ಮೇಲಿನ ಚಾದರ ಹಿಮ ಬಿದ್ದು ಹಪ್ಪಳದಂತೆ ಸೆಟೆದಿತ್ತು. ತೆಗೆದೆ. ಒಳಗೆ ಎಲೆ ಹಸಿರೇ. ನಿನ್ನೆ ಸಂಜೆ ಬುಡದಲ್ಲಿಟ್ಟ ಬಿಸಿನೀರಿನ ಕ್ಯಾನುಗಳು ಇನ್ನೂ ಉಗುರುಬೆಚ್ಚಗಿವೆ. ಅಜ್ಜನ ಉಪಾಯ. ಅವರು ಸೊಂಟ ಮುರಿದುಕೊಂಡು ಆಸ್ಪತ್ರೆಯಲ್ಲಿ, ಮಾಡುವವಳು ನಾನು.

ಅಕ್ಟೋಬರ್ 19ಕ್ಕೆ ಚರ್ಚಿನಲ್ಲಿ ಬೀನ್ಸ್ ಊಟ. ಅಂದು ಗಿಡದಲ್ಲೇ ಹಣ್ಣಾದ ಟೊಮೆಟೊ ತಂದವರಿಗೆ ಮೊದಲ ತಟ್ಟೆ. ಇಬ್ಬರು ತಂದರೆ ದೊಡ್ಡದು ಗೆಲ್ಲುತ್ತದೆ. ಆರು ವರ್ಷದಿಂದ ಪಕ್ಕದ ಮನೆಯ ನಾರ್ಮಂಡ್ ಅವರದೇ. ಅಜ್ಜನಿಗೆ ಅದೊಂದೇ ಉರಿ.

ಅಕ್ಟೋಬರ್ 7

ಆಲೂಗಡ್ಡೆ ಕೀಳಲೆಂದು ಶಾಲೆಗೆ ಕೊಟ್ಟ ರಜೆ ಮುಗಿಯಿತು. ಎಲ್ಲರೂ ಶಾಲೆಗೆ ಹೋದರು. ನಾನು ಹೋಗಲಿಲ್ಲ. ಇನ್ನು ಹೋಗುವುದೂ ಇಲ್ಲ.

ಅಪ್ಪ: "ಪಿಟೀಲು ಬಿಟ್ಟೆ, ಹೊಲಿಗೆ ಬಿಟ್ಟೆ, ಈಗ ಶಾಲೆ. ಆ ಗಿಡಾನಾದ್ರೂ ಹತ್ತೊಂಬತ್ತರವರೆಗೆ ನೋಡ್ಕೋತೀಯೇನೇ ಜೋಸ್ಲಿನ್?"

"ನೋಡ್ಕೋತೀನಿ."

ಅವರು ಹೇಳಿದ್ದು ಸುಳ್ಳಲ್ಲ. ಅದಕ್ಕೇ ಸಿಟ್ಟು.

ಅಕ್ಟೋಬರ್ 10

ಹಾಳಾಯಿತು. ಗಾಳಿಗೆ ಹಾರದಿರಲೆಂದು ಚಾದರಕ್ಕೆ ಬಟ್ಟೆ ಕ್ಲಿಪ್ ಹಾಕಿದ್ದೆ. ಕತ್ತಲಲ್ಲಿ ಒಂದು ಕ್ಲಿಪ್ ಕೊಂಬೆಯನ್ನೂ ಕಚ್ಚಿಕೊಂಡಿತ್ತು. ಬೆಳಿಗ್ಗೆ ಅವಸರದಲ್ಲಿ ಎಳೆದೆ. ಟಪ್. ಕೆಂಪಾಗತೊಡಗಿದ್ದ ಒಂದೇ ಒಂದು ದೊಡ್ಡ ಕಾಯಿ ನೆಲದ ಮೇಲೆ.

ಹಣ್ಣಾಗಲೆಂದು ಕಾಗದದ ಚೀಲದಲ್ಲಿ ಸೇಬಿನ ಜೊತೆ ಹಾಕಿಟ್ಟಿದ್ದೇನೆ. ಯಾರೂ ನೋಡಿಲ್ಲ. ಗಿಡದಲ್ಲಿ ಉಳಿದದ್ದು ಗೋಲಿಯಷ್ಟಿರುವ ಒಂದೇ ಕಾಯಿ, ಹಸಿರು.

ಅಕ್ಟೋಬರ್ 16

ಅಜ್ಜ ಮನೆಗೆ ಬಂದರು. ಹಣ್ಣು ಮೇಜಿನ ಮೇಲಿತ್ತು. ಕೆಂಪಗೆ, ಕಲೆಯಿಲ್ಲದೆ. ಕೈಯಲ್ಲಿ ತೂಗಿ ನೋಡಿದರು.

"ನಾರ್ಮಂಡ್ ಮುಖ ನೋಡ್ಬೇಕು ಕಣೇ ಮಗಳೇ! ಈ ಸೊಂಟ ಮುರಿದಿದ್ದೂ ಸಾರ್ಥಕ."

ಹೇಳಬೇಕಿತ್ತು. ಕಾಫಿ ಮಾಡಲು ಎದ್ದುಹೋದೆ. ಬಾಯಿಬಿಟ್ಟು ಸುಳ್ಳು ಹೇಳಿಲ್ಲ — ಹಾಗಂದುಕೊಂಡದ್ದೂ ಸುಳ್ಳೇ.

ಅಕ್ಟೋಬರ್ 20, ಬೆಳಿಗ್ಗೆ

ನಿನ್ನೆಯದು. ಬಡಿಸುವ ಜರ್ಮೇನಮ್ಮ ಸೌಟು ಹಿಡಿದು ಎಲ್ಲರೆದುರು ಕೇಳಿದರು: "ಗಿಡದಲ್ಲೇ ಹಣ್ಣಾಯ್ತೇನಮ್ಮ?"

ಹೂಂ ಅಂದರೆ ಸಾಕಿತ್ತು. ಅಜ್ಜ ಗಾಲಿಕುರ್ಚಿಯಲ್ಲಿ ಎದೆಯುಬ್ಬಿಸಿ ಕೂತಿದ್ದರು.

"ಇಲ್ಲ. ಹತ್ತನೇ ತಾರೀಕು ನಾನೇ ಕಿತ್ತುಹಾಕ್ದೆ, ಗೊತ್ತಿಲ್ದೆ. ಚೀಲದಲ್ಲಿ ಹಣ್ಣು ಮಾಡಿದ್ದು. ಅಜ್ಜನಿಗೆ ಗೊತ್ತಿಲ್ಲ."

ಅಜ್ಜ ನನ್ನತ್ತ ನೋಡಲಿಲ್ಲ.

ಜರ್ಮೇನಮ್ಮ ಅತ್ತ ತಿರುಗಿದರು. "ನಿಮ್ದು, ನಾರ್ಮಂಡ್?"

ನಾರ್ಮಂಡ್ ಎದ್ದರು. ಅಂಗೈಯಲ್ಲಿದ್ದ ಹಣ್ಣನ್ನು ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ ಕೋಟಿನ ಜೇಬಿಗೆ ಹಾಕಿಕೊಂಡು ಕೂತುಬಿಟ್ಟರು.

ಮೊದಲು ನಕ್ಕದ್ದು ಅಜ್ಜ. ಸೊಂಟ ಹಿಡಿದುಕೊಂಡು, ಅಯ್ಯೋ ಅಯ್ಯೋ ಅನ್ನುತ್ತ. "ಆರು ವರ್ಷನೂ ಚೀಲದ್ದೇನೋ? ಆರೂ?"

"ನಾಲ್ಕು," ಅಂದರು ನಾರ್ಮಂಡ್, ತಟ್ಟೆ ನೋಡುತ್ತ.

ಮನೆಗೆ ಬರುವಾಗ ಅಪ್ಪ ಗೆದ್ದೆ ಎನ್ನಲಿಲ್ಲ, ಸೋತೆ ಎನ್ನಲಿಲ್ಲ. "ಹತ್ತೊಂಬತ್ತು ಮುಗೀತಲ್ಲ. ಚಾದರ ಇನ್ನು ಒಗೆಯೋಕೆ ಹಾಕು."

ಹಾಕಲಿಲ್ಲ. ನಿನ್ನೆ ಸಂಜೆಯೂ ಹೊದಿಸಿದೆ, ಕ್ಲಿಪ್ಪುಗಳನ್ನು ಒಂದೊಂದಾಗಿ ಮುಟ್ಟಿ ನೋಡಿ. ಆ ಗೋಲಿಯಂಥ ಕಾಯಿಯ ತುದಿ ಬೆಳ್ಳಗಾಗಿದೆ, ಹಣ್ಣಾಗುವ ಮೊದಲ ಗುರುತು. ಅಜ್ಜ ಅಡುಗೆಮನೆಯ ಕಿಟಕಿ ತಟ್ಟುತ್ತಿದ್ದಾರೆ — ಬಿಸಿಲು ಬಂತು, ಚಾದರ ತೆಗಿ ಅಂತ. ಹೋಗಿ ತೆಗೆಯಬೇಕು.