ಹೆರಾಲ್ಡನಿಗೆ ಹೊಟ್ಟೆ ಬರೆದದ್ದು

ಶಿರ್ವ, ೧೨-೨-೧೯೮೧

ಅಕ್ಕನಿಗೆ ತಮ್ಮನ ನಮಸ್ಕಾರ.

ಕುವೈತಿನಲ್ಲಿರುವ ಹೆರಾಲ್ಡನಿಗೆ ಹೊಸ ಮನೆಯ ಆಶೀರ್ವಾದಕ್ಕೆ ಬರಲು ರಜೆ ಸಿಗಲಿಲ್ಲ. ಭಾನುವಾರ ಪಾದ್ರಿಗಳು ಬರುವಾಗ ಅವನ ಆಳೆತ್ತರದ ಚಿತ್ರವಾದರೂ ಗೋಡೆಯ ಮೇಲಿರಲೆಂದು ಅವನ ತಾಯಿ ನನ್ನನ್ನು ಕರೆಸಿದ್ದಾರೆ. ಮುಖಕ್ಕೆ ಪಾಸ್‌ಪೋರ್ಟ್ ಫೋಟೊ ಇತ್ತು. ಮೈಗೆಂದು ಅವನ ಮದುವೆಯ ಕೋಟನ್ನು ಅವನ ತಮ್ಮ ಬ್ಯಾಪ್ಟಿಸ್ಟನಿಗೆ ತೊಡಿಸಿ ನಿಲ್ಲಿಸಿದೆ. ಕೋಟು ಜೋಲುತ್ತಿತ್ತು, ಕಂಡಂತೆಯೇ ಬರೆದೆ.

ನಿನ್ನೆ ಚಿತ್ರ ನೋಡಿದ ತಾಯಿ ಅತ್ತೇಬಿಟ್ಟರು. "ಎಂತ ಮಾರಾಯ, ನನ್ನ ಮಗ ಇಷ್ಟು ಸೊರಗಿದ್ದಾನಾ? ಅಲ್ಲಿ ಗಂಜಿಯೂ ಇಲ್ವಾ?"

"ಅದು ನನ್ನ ಮೈ ಅಮ್ಮ," ಎಂದ ಬ್ಯಾಪ್ಟಿಸ್ಟ್.

"ನೀನು ಸುಮ್ಮನಿರು. ನಿನಗೆ ಇಲ್ಲಿ ಊಟ ಉಂಟಲ್ಲ!"

ಸಂಜೆಯೊಳಗೆ ಹೆರಾಲ್ಡನಿಗೆ ಕೋಟು ತುಂಬುವಷ್ಟು ಹೊಟ್ಟೆ ಬರೆದುಕೊಟ್ಟೆ. ತಾಯಿ ಕಣ್ಣೊರೆಸಿಕೊಂಡು, ನನ್ನ ಬಟ್ಟಲಿಗೂ ಎರಡನೇ ಸಲ ಮೀನು ಬಡಿಸಿದರು. ನನ್ನ ಆರೋಗ್ಯದ ಚಿಂತೆ ಬೇಡ.

ಶ್ರೀಪತಿ